ಕಿಟಕಿ ತೆರೆದ ಪುರಸಭೆ

ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಆ ಪುರಸಭೆಯ ಸಭಾಂಗಣಕ್ಕೆ ಹೋಗುವ ಸದಸ್ಯರು ಕೈಯಲ್ಲೊಂದು ಸ್ವೆಟರ್ ಹಿಡಿದೇ ಹೋಗುತ್ತಿದ್ದರು. ಗೋಡೆಗೆ ಮೂರು ಭಾರೀ ಏಸಿಗಳು, ಅವುಗಳ ಕೆಳಗೆ ದಪ್ಪ ಕೆಂಪು ಪರದೆಗಳು, ಪರದೆಗಳ ಹಿಂದೆ ಯಾವ ಕಾಲದಲ್ಲೋ ಮೊಳೆ ಹೊಡೆದು ಮುಚ್ಚಿದ ಕಿಟಕಿಗಳು. ನಡುಹಗಲಿನಲ್ಲೂ ಟ್ಯೂಬ್‌ಲೈಟ್ ಹಾಕದಿದ್ದರೆ ಎದುರಿಗೆ ಕೂತವರ ಮುಖ ಕಾಣದು. ಅಧ್ಯಕ್ಷರಂತೂ ಕೊರಳಿಗೆ ಬೂದು ಬಣ್ಣದ ಉಣ್ಣೆಯ ಮಫ್ಲರ್ ಸುತ್ತಿಕೊಂಡೇ ಸಭೆ ನಡೆಸುತ್ತಿದ್ದರು. ಏಸಿ ಸ್ವಲ್ಪ ಕಡಿಮೆ ಮಾಡಬಾರದೇ ಎಂದು ಯಾರಾದರೂ ಕೇಳಿದರೆ, "ಮಾಡಬಹುದಿತ್ತು, ಅದರ ರಿಮೋಟು ಹಿಂದಿನ ಅಧ್ಯಕ್ಷರ ಕಾಲದಲ್ಲೇ ಕಳೆದುಹೋಗಿದೆ" ಎನ್ನುತ್ತಿದ್ದರು. ಊರಿನವರ ಬಾಯಲ್ಲಿ ಅವರು ಮಫ್ಲರ್ ಅಧ್ಯಕ್ಷರು.

ಪುರಸಭೆಯ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಿದ್ದ ಇಂಜಿನಿಯರಮ್ಮನಿಗೆ ಈ ಸಭಾಂಗಣ ಕಣ್ಣಿಗೆ ಬಿದ್ದ ಕಸದ ಹಾಗೆ ಚುಚ್ಚುತ್ತಿತ್ತು. ವರ್ಷದ ಮೊದಲಿಗೆ ಮೇಲಿನಿಂದ ಒಂದು ಆದೇಶ ಬಂದಿತ್ತು. ಪುರಸಭೆ ತನ್ನ ಕಟ್ಟಡಗಳಲ್ಲಿ ಉರಿಸುವ ಕರೆಂಟನ್ನು ಮೂರರಲ್ಲಿ ಒಂದು ಪಾಲು ಇಳಿಸಬೇಕು. ಇಳಿಸಿದರೆ ಕತ್ತಲೆ ಬೀದಿಗಳಿಗೆಲ್ಲ ಹೊಸ ದೀಪ, ಇಲ್ಲದಿದ್ದರೆ ಇಲ್ಲ. ಮುಖ್ಯಾಧಿಕಾರಿಗಳು ಆ ಕೆಲಸವನ್ನು ಅವಳ ತಲೆಗೆ ಕಟ್ಟಿ, "ಯಾರಿಗೂ ನೋವಾಗದ ಹಾಗೆ ಮಾಡಿ ಮೇಡಂ" ಎಂದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು.

ಅವಳು ಟೊಂಕ ಕಟ್ಟಿ ನಿಂತಳು. ಹಳೆಯ ಬಲ್ಬುಗಳೆಲ್ಲ ಹೋಗಿ ಎಲ್ಇಡಿ ಬಂದವು. ಟ್ಯಾಂಕು ತುಂಬಿ ಬೀದಿಗೆ ಹೊಳೆ ಹರಿದರೂ ಗೊರಗೊರ ಎನ್ನುತ್ತಿದ್ದ ಪಂಪು, ನೀರು ತುಂಬಿದ ಕೂಡಲೇ ತಾನಾಗಿ ನಿಲ್ಲುವುದನ್ನು ಕಲಿಯಿತು. ತಾರಸಿಗೆ ಬಿಳಿ ಬಣ್ಣ ಬಳಿಸಿದ ಮೇಲೆ ಅದರ ಕೆಳಗಿದ್ದ ಕಂದಾಯ ವಿಭಾಗ ಎಷ್ಟು ತಂಪಾಯಿತೆಂದರೆ, ಜಗಳಕ್ಕೆಂದೇ ಬಂದವರೂ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡು ಆಮೇಲೆ ಜಗಳ ಶುರುಮಾಡುತ್ತಿದ್ದರು.

ದಾಖಲೆ ಕೋಣೆಗೆ ಅವಳು ಸೆನ್ಸರ್ ದೀಪ ಹಾಕಿಸಿದಳು. ಜನ ಅಲುಗಾಡಿದರೆ ಹತ್ತುತ್ತದೆ, ಇಲ್ಲದಿದ್ದರೆ ಆರುತ್ತದೆ. ಊಟವಾದ ಮೇಲೆ ಆ ಕೋಣೆ ಕತ್ತಲಾಯಿತೆಂದರೆ ತಲೆಗುಮಾಸ್ತರು ನಿದ್ದೆಹೋದರು ಎಂದು ಇಡೀ ಕಚೇರಿಗೆ ಗೊತ್ತಾಗತೊಡಗಿತು. ಗುಮಾಸ್ತರೂ ಬೇರೆಯವರು ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರುವ ಆಸಾಮಿ. ಫ್ಯಾನಿನ ಗಾಳಿಗೆ ಅಲ್ಲಾಡುವ ಹಾಗೆ ಸೆನ್ಸರಿನ ಎದುರಿಗೆ ಒಂದು ಹಳೆಯ ಟವಲನ್ನು ತೂಗುಹಾಕಿ ಬೆಳಕಿನಲ್ಲೇ ನಿದ್ದೆ ಮಾಡಿದರು. ಇಂಜಿನಿಯರಮ್ಮ ಆ ಟವಲನ್ನು ಬಿಚ್ಚಿ ಮಡಿಸಿ, ಕತ್ತಲಾಗುವವರೆಗೆ ಕಾದು, "ಸರ್, ನಿದ್ದೆಗೆ ಕತ್ತಲೇ ಒಳ್ಳೇದು, ಟವಲ್ ಯಾಕೆ ಬೇಕಿತ್ತು" ಎಂದಳು. ಗುಮಾಸ್ತರು ಕಣ್ಣು ಬಿಟ್ಟು ನಕ್ಕರು. ನಕ್ಕಿದ್ದಕ್ಕೆ ದೀಪ ಹತ್ತಿತು.

ಇಷ್ಟೆಲ್ಲ ಆದರೂ ಲೆಕ್ಕ ಅರ್ಧ ದಾರಿಯಲ್ಲೇ ನಿಂತಿತ್ತು. ಉಳಿದ ಅರ್ಧವನ್ನೆಲ್ಲ ಸಭಾಂಗಣವೊಂದೇ ನುಂಗುತ್ತಿತ್ತು. ಅಲ್ಲಿ ಕೈಯಿಡುವುದೆಂದರೆ ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ.

"ಕಿಟಕಿ ತೆಗೆಸಿದ್ರೆ ಏಸಿನೂ ಬೇಡ, ಲೈಟೂ ಬೇಡ ಸರ್," ಎಂದು ಅವಳು ಅಧ್ಯಕ್ಷರ ಎದುರು ನಿಂತು ಹೇಳಿದಳು. "ಕಟ್ಟಿದವರು ಗಾಳಿ ಬೆಳಕು ನೋಡ್ಕೊಂಡೇ ಕಟ್ಟಿದಾರೆ. ನಾವೇ ಮುಚ್ಕೊಂಡು ಕೂತಿದೀವಿ."

"ಕಿಟಕಿ ಆಚೆ ಮಾರ್ಕೆಟ್ ಇದೆಯಲ್ಲಮ್ಮ," ಎಂದರು ಅಧ್ಯಕ್ಷರು. ಅವರ ದನಿ ಮೊದಲೇ ಮೆತ್ತಗೆ. ಮಫ್ಲರ್ ದಾಟಿ ಬರುವಷ್ಟರಲ್ಲಿ ಇನ್ನೂ ಮೆತ್ತಗಾಗುತ್ತಿತ್ತು. "ಆ ಗಲಾಟೆ ಒಳಗೆ ಬಂದ್ರೆ ಸಭೆಗೆ ಮರ್ಯಾದೆ ಇರುತ್ತಾ?"

ಮುಖ್ಯಾಧಿಕಾರಿಗಳು ನಡುವೆ ಬಾಯಿಹಾಕಿ ಎರಡು ಸಭೆಯ ಮಟ್ಟಿಗೆ ಪ್ರಯೋಗ ಮಾಡಿ ನೋಡೋಣ, ಸರಿಹೋಗದಿದ್ದರೆ ಮೊಳೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು.

ಬಡಗಿ ಬಂದು ಪರದೆಗಳನ್ನು ಇಳಿಸಿದ. ಒಂದೊಂದರಿಂದಲೂ ಬುಟ್ಟಿ ಬುಟ್ಟಿ ಧೂಳು ಬಿತ್ತು. ಮೊಳೆಗಳು ತುಕ್ಕು ಹಿಡಿದು ಕಟ್ಟಿಗೆಯೊಳಗೇ ಬೇರು ಬಿಟ್ಟಿದ್ದವು. ಕಿತ್ತಾಗ ಒಂದೊಂದೂ ನಾಯಿಮರಿಯ ಹಾಗೆ ಕುಂಯ್ ಎಂದಿತು. ಮೇಲಿನ ಸುಳ್ಳು ಛಾವಣಿಯ ಹಲಗೆಗಳನ್ನು ಬಿಚ್ಚಿದ ಮೇಲೆ ಅಲ್ಲೊಂದು ಲೋಕವೇ ಕಂಡಿತು. ಎತ್ತರದ ನಿಜವಾದ ಛಾವಣಿ, ಅದರಿಂದ ಉದ್ದನೆಯ ಸರಳಿನಲ್ಲಿ ಇಳಿಬಿದ್ದ ಹಳೆಯ ಫ್ಯಾನುಗಳು, ಗೋಡೆಯ ತುದಿಯಲ್ಲಿ ಬಿಸಿಗಾಳಿ ಹೊರಹೋಗಲೆಂದೇ ಬಿಟ್ಟ ಸಾಲು ಗವಾಕ್ಷಿಗಳು. ಕೊನೆಯ ಕಿಟಕಿಯ ಬಾಗಿಲು ತೆರೆದುಕೊಂಡಾಗ ಗಾಳಿ ಒಳಗೆ ಬಂದು ಇಡೀ ಕೋಣೆಯನ್ನು ಒಂದು ಸುತ್ತು ಹಾಕಿ ಮೇಲಿನಿಂದ ಹೊರಟುಹೋಯಿತು. ಇಂಜಿನಿಯರಮ್ಮ ನಡುಮಧ್ಯದಲ್ಲಿ ನಿಂತು ಮುಖವನ್ನು ಆ ಗಾಳಿಗೆ ಒಡ್ಡಿದಳು. ಕಾಲೇಜಿನ ಪರೀಕ್ಷೆಯಲ್ಲಿ ಪಾಸಾದ ದಿನವೂ ಅವಳಿಗೆ ಇಷ್ಟು ಹಗುರ ಅನ್ನಿಸಿರಲಿಲ್ಲ.

ಸಂತೋಷದಲ್ಲಿ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕೆಳಗಿನಿಂದ ಕಹಳೆ ಊದಿದಂಥ ದನಿಯೊಂದು ಮೇಲೇರಿ ಬಂತು.

"ಏನೇ, ಅಲ್ಲೇನ್ ಮಾಡ್ತಿದೀಯ? ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದೀಯಲ್ಲ, ಹೊಟ್ಟೆಗೇನ್ ಗಾಳಿ ತಿಂತೀಯಾ?"

ಅದು ಅವಳ ಅತ್ತೆ. ಸಭಾಂಗಣದ ಕಿಟಕಿಗಳ ಸರಿ ಕೆಳಗೆ, ಮಾರುಕಟ್ಟೆ ಬೀದಿಯಲ್ಲಿ, ಆಕೆಯ ಹಣ್ಣಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದೇ ಅಂಗಡಿಯಲ್ಲಿ ಕೂತು ಮಗನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದವಳು. ಬೀದಿಯ ಆ ತುದಿಯಲ್ಲಿ ಬಾಳೆಹಣ್ಣು ಕೇಳುವವರಿಗೆ ಈ ತುದಿಯಿಂದ ಉತ್ತರ ಕೊಡುವ ಶಾರೀರ. ಮಾರುಕಟ್ಟೆಯವರು ಆಕೆಗೆ ಕಹಳೆಯಮ್ಮ ಎಂದು ಹೆಸರಿಟ್ಟಿದ್ದರು, ಆಕೆಯೂ ಅದನ್ನು ಬಿರುದು ಎಂದೇ ತಿಳಿದಿದ್ದಳು.

ಆಗಲೇ ಇಂಜಿನಿಯರಮ್ಮನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊದಲ ಸಭೆ ಚೆನ್ನಾಗಿಯೇ ಶುರುವಾಯಿತು. ಸ್ವೆಟರ್ ಹಿಡಿದು ಬಂದವರು ಅದನ್ನು ಕುರ್ಚಿಗೆ ನೇತುಹಾಕಿದರು. ವರ್ಷಗಟ್ಟಲೆ ಪಕ್ಕದಲ್ಲೇ ಕೂತಿದ್ದ ಇಬ್ಬರು ಸದಸ್ಯರು ಬೆಳಕಿನಲ್ಲಿ ಒಬ್ಬರನ್ನೊಬ್ಬರು ನೋಡಿ "ನಿಮಗೂ ಕೂದಲು ಬೆಳ್ಳಗಾಯ್ತಲ್ರೀ" ಎಂದು ಮಾತಾಡಿಕೊಂಡರು. ಗೋಡೆಗೆ ಒರಗಿ ನಿಂತಿದ್ದ ಇಂಜಿನಿಯರಮ್ಮ ಒಳಗೊಳಗೇ ಹಿಗ್ಗಿದಳು.

ಆಗ ಗುಡುಗಿನ ಸದಸ್ಯರು ಎದ್ದರು. ಎದ್ದರೆ ಗುಡುಗುವುದು, ಗುಡುಗಿದ ಮೇಲೆ ಮಳೆ ಬಾರದಿರುವುದು ಅವರ ಪದ್ಧತಿ. ಹಾಗಾಗಿ ಆ ಹೆಸರು. ಮಾರುಕಟ್ಟೆ ವಾರ್ಡು ಅವರದೇ. ಮೇಜು ಗುದ್ದಿ ಹೇಳಿದರು: "ನನ್ನ ವಾರ್ಡಲ್ಲಿ ಕೆಲಸ ಆಗಿಲ್ಲ ಅಂತಾರೆ. ಮಾರ್ಕೆಟ್ ಚರಂಡಿ ಕ್ಲೀನ್ ಮಾಡ್ಸಿ ಕನ್ನಡಿ ಹಾಗೆ ಇಟ್ಟಿದೀನಿ. ಮುಖ ನೋಡ್ಕೋಬಹುದು."

"ನೀವೇ ಬಂದು ನೋಡ್ಕೊಳ್ಳಿ ಸ್ವಾಮಿ," ಎಂದಿತು ಕೆಳಗಿನ ಕಹಳೆ. "ಮೂಗು ಮುಚ್ಕೊಂಡು ಬನ್ನಿ. ಬೆಳಗ್ಗೆಯಿಂದ ನಾನಿಲ್ಲಿ ಊದುಬತ್ತಿ ಹಚ್ಕೊಂಡು ಹಣ್ಣು ಮಾರ್ತಿದೀನಿ."

ಬೀದಿಯಲ್ಲಿ ನಗು ಎದ್ದಿತು. ಸೊಪ್ಪಿನವಳೂ ಈರುಳ್ಳಿಯವನೂ ತಮ್ಮ ತಮ್ಮ ದೂರು ಸೇರಿಸಿದರು. ಗುಡುಗಿನವರು ಕಿಟಕಿಗೆ ಬಂದು ಕೆಳಗೆ ಗುಡುಗಿದರು, ಕೆಳಗಿನಿಂದ ಅದರ ಎರಡರಷ್ಟು ವಾಪಸು ಬಂತು. ಎದುರು ಪಕ್ಷದ ಸದಸ್ಯರು ಮೇಜು ತಟ್ಟಿ ಕುಣಿದರು. ಅಧ್ಯಕ್ಷರು ಏನೋ ಹೇಳುತ್ತಿದ್ದರು, ತುಟಿ ಅಲ್ಲಾಡುವುದಷ್ಟೇ ಕಂಡಿತು. ಕೊನೆಗೆ ಜವಾನರು ಓಡಿಬಂದು ಕಿಟಕಿಗಳನ್ನು ಮುಚ್ಚಿದರು. ಏಸಿಗಳ ತಂತಿ ಬಿಚ್ಚಿಟ್ಟಿದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಒಳಗೆ ಕುಲುಮೆಯಾಯಿತು. ಸಭೆ ಮುಂದಕ್ಕೆ ಹೋಯಿತು.

ಅಧ್ಯಕ್ಷರು ಅವಳನ್ನು ಕೋಣೆಗೆ ಕರೆಸಿದರು.

"ಯಾರಮ್ಮ ಆ ಹೆಂಗಸು?"

ಇನ್ನೊಬ್ಬರ ಬಾಯಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಮೇಲು ಎಂದುಕೊಂಡು ಅವಳು, "ನಮ್ಮತ್ತೆ ಸರ್" ಎಂದಳು.

ಅಧ್ಯಕ್ಷರು ಕೇಳಿದರು: "ಮನೇಲೂ ಹೀಗೇನಾ?"

"ಮನೇಲಿ ಇನ್ನೂ ಹತ್ತಿರದಿಂದ ಕೇಳುತ್ತೆ ಸರ್."

ಅವರ ತುಟಿಯ ಅಂಚಿನಲ್ಲಿ ನಗುವೊಂದು ಬಂದು ಹಿಂದಕ್ಕೆ ಹೋಯಿತು. "ನೋಡಮ್ಮ, ನೀನು ಕೆಲಸದವಳು, ನನಗೆ ಗೊತ್ತು. ಆದ್ರೆ ಮುಂದಿನ ಸಭೇಲೂ ಹೀಗೇ ಆದ್ರೆ ಮೊಳೆ ಹೊಡೆಸಿಬಿಡ್ತೀನಿ. ಆಮೇಲೆ ನನ್ನ ಬೈಬೇಡ."

ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ಗಂಡ ಬಸ್ ಕಂಡಕ್ಟರು; ಇಡೀ ದಿನ ನೂಕುನುಗ್ಗಲಿನ ನಡುವೆ ನಿಂತು ಬಂದವನು ಮನೆಯಲ್ಲಿ ಅಮ್ಮ ಮತ್ತು ಹೆಂಡತಿಯ ನಡುವೆ ಮಾತ್ರ ನಿಲ್ಲಲು ಹೆದರುತ್ತಿದ್ದ. ತಟ್ಟೆಗೆ ತಲೆ ಬಗ್ಗಿಸಿ, ಟಿಕೆಟ್ ತಗೊಂಡ ಪ್ರಯಾಣಿಕನ ಹಾಗೆ ಗಂಭೀರವಾಗಿ ಊಟ ಮಾಡತೊಡಗಿದ.

"ನಾನು ಸುಳ್ಳು ಹೇಳಿದ್ನಾ?" ಎಂದಳು ಅತ್ತೆ.

"ನೀವು ಹೇಳಿದ್ದು ನಿಜಾನೇ ಅತ್ತೆ. ಆದ್ರೆ ಅಲ್ಲಿ ಹೇಳಿದ್ದಕ್ಕೆ ನನ್ನ ಕೆಲಸ ಕೆಡ್ತಾ ಇದೆ."

"ನಾನು ಬಾಯಿ ತೆಗೆದ್ರೆ ಅವರು ಕಿಟಕಿ ಮುಚ್ತಾರೆ, ನಾನು ಬಾಯಿ ಮುಚ್ಚಿದ್ರೆ ಅವರು ಕಿಟಕಿ ತೆಗೀತಾರೆ. ಒಳ್ಳೇ ನ್ಯಾಯ ಇದು." ಆಕೆ ಮಗನ ಕಡೆ ತಿರುಗಿದಳು. "ನೀನೇನಂತೀಯಾ?"

"ನಂಗೆ ಇನ್ನೊಂಚೂರು ಅನ್ನ ಹಾಕಮ್ಮ," ಎಂದ ಮಗ.

ಇಂಜಿನಿಯರಮ್ಮ ಬಟ್ಟಲನ್ನು ಪಕ್ಕಕ್ಕಿಟ್ಟಳು. ಆದೇಶದ ವಿಷಯವನ್ನು ಅವಳು ಮನೆಯಲ್ಲಿ ಎಂದೂ ಬಿಡಿಸಿ ಹೇಳಿರಲಿಲ್ಲ. ಕಚೇರಿಯದ್ದು ಕಚೇರಿಯಲ್ಲಿ ಎಂದು ಇಟ್ಟುಕೊಂಡಿದ್ದಳು. ಈಗ ಹೇಳಿದಳು. ಕರೆಂಟು ಉಳಿದರೆ ಹೊಸ ಬೀದಿದೀಪ ಬರುತ್ತವೆ, ಮೊದಲು ಹಾಕುವುದೇ ಬಸ್ ಡಿಪೋದ ಹಿಂದಿನ ಓಣಿಗೆ. ಕಳೆದ ವರ್ಷ ಅತ್ತೆ ಖಾಲಿ ಬುಟ್ಟಿ ಹೊತ್ತು ಬರುವಾಗ ಕತ್ತಲಲ್ಲಿ ಕಲ್ಲೆಡವಿ ಬಿದ್ದದ್ದು ಅದೇ ಓಣಿಯಲ್ಲಿ.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ನಂಗೇನು, ನನ್ನ ಕಾಲಿಗೆ ಆ ದಾರಿ ಗೊತ್ತು," ಎಂದಳು. ಆಮೇಲೆ, "ಹೊಲಿಗೆ ಕ್ಲಾಸಿಗೆ ಹೋಗೋ ಹುಡುಗೀರು ಅಲ್ಲೇ ಬರ್ತಾವೆ ಪಾಪ, ಕೈ ಕೈ ಹಿಡ್ಕೊಂಡು. ಇದನ್ನ ಮೊದ್ಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನೀವು ಕೇಳ್ಲಿಲ್ಲ."

"ಅತ್ತೆ ಕೇಳ್ಲಿಲ್ಲ, ಸೊಸೆ ಹೇಳ್ಲಿಲ್ಲ. ಚೆನ್ನಾಗಿದೆ ಸಂಸಾರ." ಆಕೆ ಎದ್ದು ಕೈ ತೊಳೆದು ಬಂದಳು. "ಆಯ್ತು. ಮುಂದಿನ ಸಭೇಲಿ ನನ್ನ ಮಾತು ಅಂತ ಒಂದೂ ಬರಲ್ಲ. ಬಂದ್ರೆ ನನ್ನನ್ನ ಅತ್ತೆ ಅಂತ ಕರೀಬೇಡ."

ಆಕೆ ಮಾತು ಕೊಟ್ಟರೆ ಕಲ್ಲಿನ ಮೇಲೆ ಬರೆದ ಹಾಗೆ. ಆದರೂ ಇಂಜಿನಿಯರಮ್ಮನಿಗೆ ಆ ವಾರವೆಲ್ಲ ನಿದ್ದೆ ಅಷ್ಟಕ್ಕಷ್ಟೇ.

ಎರಡನೆಯ ಸಭೆಯ ದಿನ ಕಿಟಕಿಗಳು ತೆರೆದವು. ಕೆಳಗೆ ಕಹಳೆಯಮ್ಮ ಬಾಯಿಗೆ ಬೀಗ ಹಾಕಿ ಕೂತಿದ್ದಳು. ಕಹಳೆಯಮ್ಮ ಸುಮ್ಮನಿದ್ದಾಳೆಂದರೆ ಏನೋ ಇದೆ ಎಂದು ಮಾರುಕಟ್ಟೆಯೂ ಸುಮ್ಮನಾಯಿತು. ಸೊಪ್ಪಿನವಳು ಕೂಗಲಿಲ್ಲ, ಚೌಕಾಸಿ ಮಾಡುವವರು ಪಿಸುಮಾತಿನಲ್ಲಿ ಮಾಡಿದರು. ಆ ಮೌನ ಮೇಲೇರಿ ಬಂದು ಸದಸ್ಯರನ್ನು ಗಲಾಟೆಗಿಂತ ಹೆಚ್ಚು ಹೆದರಿಸಿತು. ಮೊನ್ನೆ ಮೇಜು ಗುದ್ದಿದವರೆಲ್ಲ ಇಂದು ಕೈ ಕಟ್ಟಿ ಕೂತರು.

ಅಂದಿನ ಮುಖ್ಯ ವಿಷಯ ಮಾರುಕಟ್ಟೆಯದ್ದೇ. ಚರಂಡಿಯ ಮೇಲೆ ಚಪ್ಪಡಿ ಹಾಸುವ ಕೆಲಸ, ಆ ಕೆಲಸ ಮುಗಿಯುವವರೆಗೆ ಅಂಗಡಿಗಳಿಗೆ ಬೇರೆ ಜಾಗ. ಅಧ್ಯಕ್ಷರು ಮೈಕಿನ ಮುಂದೆ ಓದಲು ಶುರುಮಾಡಿ ಎರಡು ಮಾತು ಮುಗಿಸಿದ್ದರಷ್ಟೇ, ಕರೆಂಟು ಹೋಯಿತು.

ಮೊದಲಾಗಿದ್ದರೆ ಅಲ್ಲಿಗೆ ಸಭೆ ಮುಗಿದಂತೆ. ಮೊಬೈಲಿನ ಬೆಳಕಿನಲ್ಲಿ ಚಪ್ಪಲಿ ಹುಡುಕಿಕೊಂಡು ಎಲ್ಲರೂ ಮನೆಗೆ. ಈಗ ಕೋಣೆ ತುಂಬ ಹಗಲು ಹಾಗೇ ಇತ್ತು, ಗಾಳಿ ಹಾಗೇ ಇತ್ತು. ಸತ್ತದ್ದು ಮೈಕು ಮಾತ್ರ. ಅಧ್ಯಕ್ಷರು ತಮ್ಮ ಮೆತ್ತನೆಯ ದನಿಯಲ್ಲೇ ಓದು ಮುಂದುವರಿಸಿದರು. ಕೆಳಗೆ ಗುಜುಗುಜು ಶುರುವಾಯಿತು. "ಏನಂದ್ರು? ಅಂಗಡಿ ಎಲ್ಲಿಗೆ ಎತ್ತಬೇಕಂತೆ? ಎತ್ತಿಸೇ ಬಿಡ್ತಾರಂತಾ?" ಗುಜುಗುಜು ಗದ್ದಲವಾಗುವ ಲಕ್ಷಣ ಕಂಡಿತು. ಗೋಡೆಗೆ ಒರಗಿದ್ದ ಇಂಜಿನಿಯರಮ್ಮ ಕಿಟಕಿಯ ಕಡೆ ಎರಡು ಹೆಜ್ಜೆ ಇಟ್ಟಳು.

ಆಗ ಕಹಳೆ ಎದ್ದಿತು.

"ಚಪ್ಪಡಿ ಕೆಲಸ ನಡೆಯುವಾಗ ಎಲ್ಲಾ ಅಂಗಡಿಯವರಿಗೂ ಶಾಲೆ ಮೈದಾನದಲ್ಲಿ ಜಾಗ ಕೊಡಲಾಗುವುದು."

ಇಂಜಿನಿಯರಮ್ಮ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡಳು. ಮರುಕ್ಷಣ ಹೊಳೆಯಿತು: ಆ ಮಾತು ಅತ್ತೆಯದಲ್ಲ. ಅಧ್ಯಕ್ಷರು ಈಗ ತಾನೇ ಓದಿದ್ದನ್ನು, ಕಿಟಕಿಯ ಸರಿ ಕೆಳಗಿದ್ದ ಆಕೆ ಕೇಳಿಸಿಕೊಂಡು, ಅಕ್ಷರವೊಂದನ್ನೂ ಬಿಡದೆ ಬೀದಿಗೆ ಒಪ್ಪಿಸಿದ್ದಳು.

ಅಧ್ಯಕ್ಷರು ತಲೆಯೆತ್ತಿದರು. ಕಿಟಕಿಯ ಕಡೆ ನೋಡಿದರು. ಪರೀಕ್ಷೆ ಮಾಡುವವರ ಹಾಗೆ ಇನ್ನೊಂದು ವಾಕ್ಯ ಓದಿ ನಿಲ್ಲಿಸಿದರು. "ಯಾರ ಅಂಗಡಿಯನ್ನೂ ಕಾಯಂ ಆಗಿ ತೆಗೆಯುವುದಿಲ್ಲ," ಎಂದು ಕೆಳಗಿನಿಂದ ಮೊಳಗಿತು. ಬೀದಿ ಉಸಿರು ಬಿಟ್ಟಿತು, ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷರಿಗೆ ರಾಜಕೀಯಕ್ಕೆ ಬಂದಮೇಲೆ ತಮ್ಮ ಮಾತು ಹೀಗೆ ಮೊಳಗಿದ್ದು ಇದೇ ಮೊದಲು. ಅವರು ಕುರ್ಚಿಯಿಂದ ಎದ್ದು ಕಿಟಕಿಗೆ ಬಂದರು. ಬಿಸಿಲು ಮುಖಕ್ಕೆ ಬಿತ್ತು. ಮಫ್ಲರನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಒಂದೊಂದೇ ವಾಕ್ಯವನ್ನು ಓದಿ, ಅದು ಬೀದಿಯ ಕೊನೆ ಮುಟ್ಟುವವರೆಗೆ ಕಾದು, ಮುಂದಿನದಕ್ಕೆ ಹೋದರು. ಓದಿದವರಿಗೂ ಕೂಗಿದವಳಿಗೂ ಜೊತೆಯಲ್ಲಿ ಅಭ್ಯಾಸ ಮಾಡಿದವರ ಹಾಗೆ ತಾಳ ಕೂಡಿಬಂತು.

ಆಮೇಲೆ ಗುಡುಗಿನ ಸದಸ್ಯರ ಸರದಿ. ಚಪ್ಪಾಳೆಯ ಶಬ್ದ ಅವರ ಕಿವಿಯಲ್ಲೂ ಬಿದ್ದಿತ್ತು. ಅವರೂ ಕಿಟಕಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಅದೇನಪ್ಪಾ ಅಂದ್ರೆ... ಈ ವಿಷಯ... ಅಂದ್ರೆ ಚರಂಡಿ ವಿಷಯ ಏನಿದೆ..."

"ಹ್ಹಂ, ಹ್ಹಂ," ಎಂದು ಕಹಳೆಯೂ ಗಂಟಲು ಸರಿಮಾಡಿಕೊಂಡಿತು. "ಅದೇನಪ್ಪಾ ಅಂದ್ರೆ, ಈ ವಿಷಯ, ಅಂದ್ರೆ ಚರಂಡಿ ವಿಷಯ ಏನಿದೆ."

ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ಸಭೆಯೊಳಗೂ ಪಕ್ಷಭೇದವಿಲ್ಲದೆ ನಕ್ಕರು. ಗುಡುಗಿನವರು ಕೆಂಪಗಾಗಿ ಬಗ್ಗಿ ನೋಡಿದರು. ಕಹಳೆಯಮ್ಮ ಮುಖದಲ್ಲಿ ಎಳ್ಳಷ್ಟೂ ನಗುವಿಲ್ಲದೆ, ಮುಂದಿನ ಮಾತಿಗೆ ಕಿವಿಯ ಹಿಂದೆ ಕೈಯಿಟ್ಟು ಕಾಯುತ್ತಿದ್ದಳು. ಸಿಟ್ಟು ಮಾಡಲು ಅಲ್ಲಿ ಹಿಡಿಯೇ ಸಿಗಲಿಲ್ಲ. ಆಕೆ ಹೇಳಿದ್ದೆಲ್ಲ ಅವರದೇ ಮಾತು. ಅವರು ತಲೆ ಕೆರೆದುಕೊಂಡು ಸ್ವಲ್ಪ ಯೋಚಿಸಿದರು.

"ಚರಂಡಿ ಸರಿಯಾಗಿ ಕ್ಲೀನ್ ಆಗಿರ್ಲಿಲ್ಲ," ಎಂದರು ಸಾದಾ ದನಿಯಲ್ಲಿ. "ಈ ವಾರದೊಳಗೆ ಮಾಡಿಸ್ತೀನಿ."

ಕಹಳೆಯಮ್ಮ ಅದನ್ನು ಹಾಗೆಯೇ ಬೀದಿಗೆ ಸಾರಿದಳು. ಅಧ್ಯಕ್ಷರಿಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಗುಡುಗಿನವರು ಆ ಚಪ್ಪಾಳೆಯ ರುಚಿ ಹಿಡಿದು ಅಂದಿನಿಂದ ಕಿಟಕಿ ಪಕ್ಕದ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಇಂಜಿನಿಯರಮ್ಮನೋ, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ದಾಖಲೆ ಕೋಣೆಗೆ ಓಡಿ, ತಲೆಗುಮಾಸ್ತರ ಎದುರು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಏನೆಂದು ಗೊತ್ತಿಲ್ಲದಿದ್ದರೂ ಗುಮಾಸ್ತರು ಜೊತೆಗೆ ನಕ್ಕರು.

ಕಿಟಕಿಗಳಿಗೆ ಮತ್ತೆ ಮೊಳೆ ಬೀಳಲಿಲ್ಲ. ಬಿಚ್ಚಿದ ಏಸಿಗಳಲ್ಲಿ ಒಂದು ಪುರಸಭೆ ಆಸ್ಪತ್ರೆಯ ಔಷಧಿ ಕೋಣೆಗೆ ಹೋಯಿತು. ಅಲ್ಲಿ ತಂಪು ನಿಜವಾಗಿಯೂ ಬೇಕಿತ್ತು. ಬೀದಿಗೆ ಗಾಡಿಗಳು ಬಂದು ಹಾರ್ನ್ ಹೊಡೆದಾಗ ಸಭೆ ಆಗಾಗ ನಿಲ್ಲುತ್ತಿತ್ತು, ಬೇಸಿಗೆಯ ಕೊನೆಯಲ್ಲಿ ಎರಡು ಮಧ್ಯಾಹ್ನ ಸೆಕೆ ತಡೆಯಲಾರದೆ ಸದಸ್ಯರು ಗೊಣಗಿದರು ಕೂಡ. ಸಭೆಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದ ಮೇಲೆ ಅದೂ ನಿಂತಿತು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಬೇಕಿದ್ದದ್ದಕ್ಕಿಂತ ತುಸು ಹೆಚ್ಚೇ ಉಳಿದಿತ್ತು. ಮುಖ್ಯಾಧಿಕಾರಿಗಳು ಆ ಸುದ್ದಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, "ನಾನು ಮೊದಲೇ ಹೇಳಿರಲಿಲ್ವಾ" ಎಂದರು. ಡಿಪೋದ ಹಿಂದಿನ ಓಣಿಗೆ ಕಂಬಗಳು ಬಂದವು, ದೀಪಗಳು ಹತ್ತಿದವು.

ಅಧ್ಯಕ್ಷರು ಒಂದು ದಿನ ತಾವೇ ಅಂಗಡಿಗೆ ಇಳಿದು ಬಂದು ಕಿತ್ತಳೆ ಕೊಂಡರು. ಪುರಸಭೆಯಲ್ಲಿ ಕೂಗಿ ಹೇಳುವ ಕೆಲಸ ಕೊಡಿಸಲೇ ಎಂದು ಅರೆ ತಮಾಷೆಗೆ ಕೇಳಿದರು. "ಬೇಡಪ್ಪ," ಎಂದಳು ಕಹಳೆಯಮ್ಮ. "ಸಂಬಳ ತಗೊಂಡ್ರೆ ಬಾಯಿಗೆ ರಜಾ ಕೇಳ್ಬೇಕಾಗುತ್ತೆ."

ಅದೇ ಸಂಜೆ ಇಂಜಿನಿಯರಮ್ಮ ಕಚೇರಿ ಮುಗಿಸಿ ಹೊರಟವಳು, ಮನೆಯ ದಾರಿ ಹಿಡಿಯದೆ ಅಂಗಡಿಯ ಪಕ್ಕದಲ್ಲಿ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಆ ಅಂಗಡಿಯಲ್ಲಿ ಕೂತದ್ದಿಲ್ಲ. ಅತ್ತೆ ಗಿರಾಕಿಗೆ ಬಾಳೆಹಣ್ಣು ಕೊಟ್ಟು ಕಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಮೇಲಿನ ಕಿಟಕಿಗಳ ಕಡೆ ನೋಡಿದಳು.

"ಅಲ್ವೇ, ಕಿಟಕಿ ಕೆಳಗಿದೆ ಸರಿ. ಆ ಮೇಲಿನ ಕಿಂಡಿಗಳು ಯಾತಕ್ಕೆ? ಅಲ್ಲಿಂದ ಯಾರು ನೋಡ್ತಾರೆ?"

"ನೋಡೋಕಲ್ಲ ಅತ್ತೆ. ಬಿಸಿಗಾಳಿ ಹಗುರ, ಮೇಲಕ್ಕೆ ಹೋಗುತ್ತೆ. ಹೋಗೋಕೆ ದಾರಿ ಕೊಟ್ರೆ ಅದು ಹೊರಗೆ ಹೋಗ್ತಾ ಕೆಳಗಿಂದ ತಣ್ಣಗಿರೋದನ್ನ ಒಳಗೆ ಎಳ್ಕೊಳ್ಳುತ್ತೆ."

"ತಾನಾಗೇನಾ?"

"ತಾನಾಗೇ."

ಅತ್ತೆ ಕತ್ತೆತ್ತಿ ಆ ಕಿಂಡಿಗಳನ್ನು ಇನ್ನೊಮ್ಮೆ ನೋಡಿದಳು. "ಮತ್ತೆ ನಾಳೆ ಎಲ್ಲಿ ನಿನ್ನ ಕೆಲಸ?" ಎಂದು ಕೇಳಿದಳು.

"ಆಸ್ಪತ್ರೆ. ಅಲ್ಲಿ ನೀರು ಕಾಯಿಸೋದು ಒಂದು ದೊಡ್ಡ ತಲೆನೋವು, ಬಿಸಿಲಲ್ಲೇ ಕಾಯಿಸೋ ಹಾಗೆ ಮಾಡ್ಬೇಕು. ಹೇಗೆ ಅಂತ ಹೇಳ್ಲಾ?"

"ಹೇಳು, ಕೇಳ್ತೀನಿ," ಎಂದಳು ಅತ್ತೆ. ಬುಟ್ಟಿಯಿಂದ ಒಳ್ಳೆಯದೊಂದು ಕಿತ್ತಳೆ ಆರಿಸಿ, ಸುಲಿದು, ಅರ್ಧವನ್ನು ಸೊಸೆಯ ಕೈಗಿಟ್ಟು, ಇನ್ನರ್ಧದ ತೊಳೆಗಳನ್ನು ತಾನು ಒಂದೊಂದಾಗಿ ಬಿಡಿಸುತ್ತ ಕೂತಳು.